"ವಯಸ್ಸಾಯ್ತಲ್ಲ, ಇನ್ನೇನು" ಅನ್ನೋ ಮುಂಚೆ ಇಷ್ಟು ಮಾಡಿ ನೋಡಿ

ಅರವತ್ತು ಹತ್ರ ಬಂದ ಮೇಲೆ ಬಾಯಿಗೆ ಒಂದು ಮಾತು ಅಂಟ್ಕೊಂಡ್ಬಿಡುತ್ತೆ. ಮಂಡಿ ನೋವಾ, ವಯಸ್ಸಾಯ್ತು. ಹೆಸರು ನೆನಪಾಗ್ಲಿಲ್ವಾ, ವಯಸ್ಸಾಯ್ತು. ಹೊಸದೇನಾದ್ರೂ ಕಲೀರಿ ಅಂದ್ರೆ, ಅಯ್ಯೋ ಈ ವಯಸ್ಸಲ್ಲಾ! ಮೊದಲನೇ ಕೆಲಸ ಏನಂದ್ರೆ, ಒಂದು ವಾರ ಈ ಮಾತು ನಿಮ್ಮ ಬಾಯಲ್ಲಿ ಎಷ್ಟು ಸಲ ಬರುತ್ತೆ ಅಂತ ಲೆಕ್ಕ ಇಡಿ, ಬಂದಾಗೆಲ್ಲ ಇದಕ್ಕೆ ನಿಜವಾಗ್ಲೂ ವಯಸ್ಸೇ ಕಾರಣಾನಾ, ಸರಿ ಮಾಡೋಕಾಗೋ ಬೇರೆ ಏನಾದ್ರೂ ಇದ್ಯಾ ಅಂತ ನಿಮ್ಮನ್ನ ನೀವೇ ಕೇಳ್ಕೊಳಿ.

ಸಮಾಧಾನ ಮಾಡೋಕೆ ಅಂತ ಇದನ್ನ ಹೇಳ್ತಿಲ್ಲ. ಯೇಲ್ ಯೂನಿವರ್ಸಿಟಿಯ ಬೆಕಾ ಲೆವಿ ಮತ್ತೆ ಅವರ ಜೊತೆಯವರು 2002ರಲ್ಲಿ ಒಂದು ಸ್ಟಡಿ ಪ್ರಕಟಿಸಿದ್ರು, ಅಮೆರಿಕದ ಒಹಾಯೊದಲ್ಲಿ 50 ದಾಟಿದ 660 ಜನರದ್ದು. ತಮಗೆ ವಯಸ್ಸಾಗ್ತಿರೋದನ್ನ ಒಳ್ಳೇ ಮನಸ್ಸಿಂದ ನೋಡ್ತಿದ್ದೋರು, ಬೇಜಾರಿಂದ ನೋಡ್ತಿದ್ದೋರಿಗಿಂತ ಸುಮಾರು 7.5 ವರ್ಷ ಜಾಸ್ತಿ ಬದುಕಿದ್ರು. ಆರೋಗ್ಯ, ಒಂಟಿತನ ಇವನ್ನೆಲ್ಲ ಲೆಕ್ಕಕ್ಕೆ ತಗೊಂಡ ಮೇಲೂ ವ್ಯತ್ಯಾಸ ಉಳೀತು. ಮನಸ್ಸೊಂದೇ ಎಲ್ಲಾ ಮಾಡುತ್ತೆ ಅಂತ ಇದರಿಂದ ಹೇಳೋಕಾಗಲ್ಲ, ಆದ್ರೆ ಕಡೆಗಣಿಸೋ ವಿಷಯಾನೂ ಅಲ್ಲ.

ನಮ್ಮಮ್ಮನ ವಿಷಯ ಹೇಳ್ತೀನಿ. ನಾಲ್ಕು ಜನ ಸೇರಿದ ಕಡೆ ಅಮ್ಮ ಸುಮ್ನೆ ಕೂತ್ಕೊಳೋಕೆ ಶುರು ಮಾಡಿದ್ರು. ಏನಾದ್ರೂ ಕೇಳಿದ್ರೆ ಒಂದು ನಗು, ಅಷ್ಟೇ. ಮರೆವು ಶುರುವಾಗಿದೆ ಅಂತ ನಾವೇ ತೀರ್ಮಾನ ಮಾಡ್ಬಿಟ್ಟಿದ್ವಿ. ಒಂದಿನ ನಾನು ಅವರ ಹಿಂದೆ ನಿಂತು ಮಾಮೂಲಿ ದನಿಯಲ್ಲೇ "ಅಮ್ಮ, ಕನ್ನಡಕ ಎಲ್ಲಿ?" ಅಂದೆ, ತಿರುಗಲೇ ಇಲ್ಲ. ಎದುರಿಗೆ ಬಂದು ಅದನ್ನೇ ಕೇಳಿದಾಗ ನನ್ನ ತುಟಿ ನೋಡಿ ಥಟ್ಟಂತ ಉತ್ತರ ಕೊಟ್ರು. ತೊಂದರೆ ಇದ್ದಿದ್ದು ಕಿವಿಯಲ್ಲಿ! ವಯಸ್ಸಾದಂಗೆ ಸಾಮಾನ್ಯವಾಗಿ ಮೊದಲು ಮಂಕಾಗೋದು ಕೀಚಲು ಸದ್ದುಗಳು, ಅಂದ್ರೆ ಸ, ಶ, ತ ಥರದ ಅಕ್ಷರಗಳು, ಅದಕ್ಕೇ ದನಿ ಕೇಳುತ್ತೆ ಆದ್ರೆ ಮಾತು ತಿಳಿಯಲ್ಲ, ಗಲಾಟೆ ಇದ್ರಂತೂ ಮುಗೀತು. ಹಿಯರಿಂಗ್ ಏಡ್ ಹಾಕಿದ ಮೊದಲ ದಿನ ಪೇಪರ್ ಮಡಚೋ ಸದ್ದಿಗೇ ಬೆಚ್ಚಿಬಿದ್ರು, ಬೇಡವೇ ಬೇಡ ಅಂತ ತೆಗೆದಿಟ್ರು. ಹೊಂದ್ಕೊಳೋಕೆ ಕೆಲವು ವಾರ ಬೇಕಾಗುತ್ತೆ, ದಿನಾ ಸ್ವಲ್ಪ ಹೊತ್ತು ಹಾಕ್ಕೊಂಡು ಜಾಸ್ತಿ ಮಾಡ್ತಾ ಹೋಗ್ಬೇಕು. ಈಗ ಅಮ್ಮಾನೇ ನಮ್ಮ ಮಾತಿನ ಮಧ್ಯೆ ಬಾಯಿ ಹಾಕ್ತಾರೆ. ಹಾಗಾಗಿ ದಯವಿಟ್ಟು ಕಣ್ಣು, ಕಿವಿ ಎರಡೂ ಚೆಕ್ ಮಾಡಿಸ್ಕೊಳಿ, ನಾಚ್ಕೋಬೇಡಿ.

ಆಮೇಲೆ ಕಾಲು. ಗೋಡೆಗೆ ಒತ್ತಿಟ್ಟ ಗಟ್ಟಿ ಕುರ್ಚಿಯಲ್ಲಿ ಕೂತು, ಕೈ ಎದೆ ಮೇಲೆ ಕಟ್ಕೊಂಡು ಎದ್ದು ನಿಲ್ಲೋಕಾಗುತ್ತಾ ನೋಡಿ. ಆಗ್ಲಿಲ್ಲ ಅಂದ್ರೆ ಕೈ ಊರಿಯೇ ಶುರು ಮಾಡಿ, ಐದು ಸಲ, ಕೂರುವಾಗ ಧೊಪ್ ಅಂತ ಬೀಳದೆ ನಿಧಾನಕ್ಕೆ. ಬರೀ ವಾಕಿಂಗ್ ಸಾಕು ಅಂತ ತುಂಬಾ ಜನ ಅಂದ್ಕೊಂಡಿದ್ದಾರೆ, ಸಾಲಲ್ಲ, ಶಕ್ತಿಗೆ ಮತ್ತೆ ಬ್ಯಾಲೆನ್ಸ್‌ಗೆ ಬೇರೆ ವ್ಯಾಯಾಮ ಬೇಕು, 65 ದಾಟಿದೋರು ಇದನ್ನ ವಾರಕ್ಕೆ ಮೂರು ದಿನವಾದ್ರೂ ಮಾಡ್ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ತಡವಾಯ್ತು ಅನ್ಬೇಡಿ. 1990ರಲ್ಲಿ ಪ್ರಕಟವಾದ ಒಂದು ಸ್ಟಡಿಯಲ್ಲಿ 90ರ ಆಸುಪಾಸಿನ, ತೀರಾ ನಿತ್ರಾಣ ಇದ್ದ ಹತ್ತು ಜನರಿಂದ ಎಂಟು ವಾರ ತೂಕ ಎತ್ತಿಸಿದ್ರು, ಪೂರ್ತಿ ಮುಗಿಸಿದ ಒಂಬತ್ತು ಜನರ ಕಾಲಿನ ಶಕ್ತಿ ಸರಾಸರಿ 174 ಪರ್ಸೆಂಟ್ ಏರ್ತು. ತಲೆ ಸುತ್ತೋದು, ಹಾರ್ಟ್ ತೊಂದರೆ ಇದ್ರೆ ಮಾತ್ರ ಡಾಕ್ಟರ್‌ನ ಕೇಳಿ ಶುರು ಮಾಡಿ.

ಎಲ್ಲಾನೂ ಮೊದಲಿನ ಹಾಗೇ ಮಾಡ್ತೀನಿ ಅಂತ ಹಠ ಹಿಡಿಯೋದೂ ಬೇಡ, ಅದು ಇನ್ನೊಂದು ಥರದ ತಪ್ಪು. ಪಿಯಾನೋ ವಾದಕ ಆರ್ಥರ್ ರೂಬಿನ್‌ಸ್ಟೈನ್ 80 ವಯಸ್ಸಲ್ಲೂ ಹೇಗೆ ಅಷ್ಟು ಚೆನ್ನಾಗಿ ನುಡಿಸ್ತಿದ್ರು ಅನ್ನೋದನ್ನ ಮನಶ್ಶಾಸ್ತ್ರಜ್ಞ ಪಾಲ್ ಬಾಲ್ಟೆಸ್ ಉದಾಹರಣೆಯಾಗಿ ಹೇಳ್ತಿದ್ರು: ಕಡಿಮೆ ಕೃತಿ ಆರಿಸ್ಕೊಂಡ್ರು, ಅವನ್ನೇ ಹೆಚ್ಚು ಅಭ್ಯಾಸ ಮಾಡಿದ್ರು, ವೇಗದ ಭಾಗ ಬರೋ ಮುಂಚೆ ಬೇಕಂತಲೇ ನಿಧಾನ ಮಾಡ್ತಿದ್ರು, ಆಗ ವೇಗ ಎದ್ದು ಕಾಣ್ತಿತ್ತು. ನೀವೂ ಒಂದು ಹಾಳೆ ತಗೊಂಡು ಬಿಡೋಕೇ ಆಗಲ್ಲ ಅನ್ನೋ ಮೂರು ಕೆಲಸ ಬರೀರಿ. ತೋಟ ಇರ್ಬಹುದು, ಹಾಡು ಇರ್ಬಹುದು, ಮೊಮ್ಮಕ್ಕಳಿಗೆ ಕಥೆ ಹೇಳೋದಿರ್ಬಹುದು. ಉಳಿದಿದ್ದನ್ನ ಬೇರೆಯೋರಿಗೆ ಬಿಟ್ಕೊಡಿ, ಈ ಮೂರಕ್ಕೆ ಮಾತ್ರ ದಿನದಲ್ಲಿ ಮೈ ಮನಸ್ಸು ಚುರುಕಾಗಿರೋ ಹೊತ್ತನ್ನ ಎತ್ತಿಡಿ. ಬಗ್ಗೋಕಾಗಲ್ವಾ, ಕುಂಡಗಳನ್ನ ಮೇಜಿನ ಮೇಲೆ ಇಟ್ಕೊಳಿ. ಅಕ್ಷರ ಕಾಣಲ್ವಾ, ಫೋನಲ್ಲಿ ದೊಡ್ಡದು ಮಾಡ್ಕೊಳಿ.

ಇನ್ನು ಜನ. ಜೊತೆಯೋರು ಒಬ್ಬೊಬ್ಬರಾಗಿ ಹೋಗ್ತಾರೆ, ಆ ನೋವಿಗೆ ನನ್ನತ್ರ ಔಷಧಿ ಇಲ್ಲ. ಅಳು ಬಂದ್ರೆ ಅತ್ತುಬಿಡಿ. ಆದ್ರೆ ಇರೋರನ್ನ ಕೈ ಬಿಡ್ಬೇಡಿ, ನಿಮಗಿಂತ ಇಪ್ಪತ್ತು ವರ್ಷ ಚಿಕ್ಕವರ ಸ್ನೇಹಾನೂ ಮಾಡಿ, ಅವರಿಗೆ ಗೊತ್ತಿಲ್ಲದ್ದನ್ನ ಕಲಿಸಿ, ನಿಮಗೆ ಗೊತ್ತಿಲ್ಲದ್ದನ್ನ ಕೇಳಿ. ಮಕ್ಕಳ ಹತ್ರ, ನಾನು ಮಾತಾಡೋ ಸ್ಥಿತಿಯಲ್ಲಿ ಇಲ್ದಿದ್ರೆ ಯಾವ ಚಿಕಿತ್ಸೆ ಬೇಕು ಯಾವುದು ಬೇಡ ಅಂತ ಈಗ್ಲೇ ಹೇಳಿ, ಬರೆದೂ ಇಡಿ. ಮಕ್ಕಳು "ಬಿಡಮ್ಮ, ಅಪಶಕುನ ಮಾತಾಡ್ಬೇಡ" ಅಂತಾರೆ, ಅಂದ್ರೂ ಪಕ್ಕದಲ್ಲಿ ಕೂರಿಸ್ಕೊಂಡು ಪೂರ್ತಿ ಹೇಳಿ ಮುಗಿಸಿ, ಆಮೇಲೆ ಇಬ್ರೂ ಎದ್ದು ಒಂದು ಸುತ್ತು ನಡ್ಕೊಂಡು ಬನ್ನಿ.