ಮಡಿಕೇರಿಯಿಂದ ಅಳಿವೆಗೆ: ಕಡಲ ಪ್ರಾಣಿಪ್ಲವಕ ಹಿಡಿದು ಎಣಿಸುವ ಬಗೆ

ನಮ್ಮ ಮಡಿಕೇರಿಯ ಹುಡುಗರು ಪ್ರಾಜೆಕ್ಟಿಗೆ ಕಡಲ ಪ್ರಾಣಿಪ್ಲವಕ (ನೀರಿನ ಹರಿವಿನೊಡನೆ ತೇಲುವ, ಹೆಚ್ಚಾಗಿ ತೀರ ಸಣ್ಣ ಪ್ರಾಣಿಗಳು) ಆರಿಸಿಕೊಂಡಾಗ ನಾನು ಮೊದಲು ಕೈಗೆ ಕೊಡುವುದು ನಕ್ಷೆ. ಪುಷ್ಪಗಿರಿ ಕಡೆಯಿಂದ ಇಳಿಯುವ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ನೇತ್ರಾವತಿ ಸೇರಿ ಮಂಗಳೂರಿನ ಅಳಿವೆಗೆ ಹೋಗುತ್ತದೆ. ಇಲ್ಲಿ ಸುರಿದ ಮಳೆ ಅಲ್ಲಿನ ಉಪ್ಪನ್ನು ತಗ್ಗಿಸುತ್ತದೆ, ಉಪ್ಪು ತಗ್ಗಿದರೆ ಜೀವಿಗಳೂ ಬದಲಾಗುತ್ತವೆ. ಆದ್ದರಿಂದ ಒಂದೇ ಕಡೆ ಬಲೆ ಎಳೆದು ಪಟ್ಟಿ ಬರೆದರೆ ಹಂಚಿಕೆ ತಿಳಿಯುವುದಿಲ್ಲ. ಅಳಿವೆಯ ಒಳಗೆ, ಬಾಯಲ್ಲಿ, ಹೊರಗಿನ ತೆರೆದ ಕಡಲಲ್ಲಿ, ಹೀಗೆ ಕನಿಷ್ಠ ಮೂರು ಜಾಗ ಬೇಕು.

ಕೈ ಪಳಗಿಸಿಕೊಳ್ಳಲು ತೋಟದ ಕೆರೆ ಸಾಕು. ಅಲ್ಲಿ ಸೈಕ್ಲಾಪ್ಸ್, ಡಾಫ್ನಿಯಾ, ರೋಟಿಫರ್ ಎಂಬ ಸಣ್ಣ ಪ್ಲವಕಗಳು ಸಿಗುತ್ತವೆ. ಬಾಣಹುಳು ಮಾತ್ರ ಸಿಗದು, ಅದು ಕಡಲಿನದು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ, ಕಡಲೂ ಒರಟು. ಮಳೆ ಹಿಂದೆ ಸರಿದ ಅಕ್ಟೋಬರಿನಲ್ಲೊಮ್ಮೆ, ಫೆಬ್ರವರಿ-ಮಾರ್ಚಿನಲ್ಲೊಮ್ಮೆ ಹೋಗಿ. ಎರಡೂ ಬಾರಿ ಉಬ್ಬರ-ಇಳಿತದ ಒಂದೇ ಹಂತ, ದಿನದ ಒಂದೇ ಹೊತ್ತು ಇರಲಿ. ಪ್ಲವಕಗಳಲ್ಲಿ ಅನೇಕವು ಹಗಲು ಆಳಕ್ಕಿಳಿದು ರಾತ್ರಿ ಮೇಲೇರುತ್ತವೆ, ಹೊತ್ತು ತಪ್ಪಿದರೆ ಹೋಲಿಕೆಯೇ ಹಾಳು.

200 ಮೈಕ್ರಾನ್ (0.2 ಮಿಲಿಮೀಟರ್) ಕಣ್ಣಿನ ಬಲೆ ತನ್ನಿ. ಬಾಯಿಯ ವ್ಯಾಸ 30 ಸೆಂಟಿಮೀಟರ್ ಇದ್ದು, 100 ಮೀಟರ್ ಎಳೆದರೆ ಸುಮಾರು 7 ಘನ ಮೀಟರ್ ನೀರು ಸೋಸಿದಂತೆ. ಕೆಸರಿದ್ದರೆ ಬಲೆಯ ಕಣ್ಣು ಕಟ್ಟಿಕೊಂಡು ಈ ಲೆಕ್ಕ ಸುಳ್ಳಾಗುತ್ತದೆ. ಅಂಥಲ್ಲಿ ಕಡಿಮೆ ದೂರ ಎಳೆಯಿರಿ, ಸಾಧ್ಯವಾದರೆ ಬಲೆಯ ಬಾಯಿಗೆ ಒಳಹೋದ ನೀರನ್ನು ಅಳೆಯುವ ಫ್ಲೋಮೀಟರ್ ಕಟ್ಟಿ. ಪ್ರತಿ ಜಾಗದಲ್ಲೂ ಉಷ್ಣಾಂಶ, ಲವಣಾಂಶ ಬರೆದುಕೊಳ್ಳಿ. ತೆರೆದ ಕಡಲಿನ ಲವಣಾಂಶ ಸಾವಿರಕ್ಕೆ ಸುಮಾರು 35.

ಬಲೆಯ ತುದಿಯ ಡಬ್ಬಿಯಲ್ಲಿ ಸಿಕ್ಕಿದ್ದನ್ನು, ಕೆಡದಂತೆ ಇಡುವ ಫಾರ್ಮಲಿನ್ ಹಾಕುವ ಮುಂಚೆ ಒಂದಷ್ಟು ಜೀವಂತವಾಗಿಯೇ ನೋಡಿ, ಇದಕ್ಕೆ ದಯವಿಟ್ಟು ಆತುರಪಡಬೇಡಿ. ಸಿಗಡಿಯ ದೂರದ ನೆಂಟನಾದ ಸಣ್ಣ ಕೋಪೆಪಾಡ್ ಉದ್ದ ಮೀಸೆ ಚಾಚಿ ತೇಲುತ್ತಾ ಇದ್ದಕ್ಕಿದ್ದಂತೆ ಚಂಗನೆ ನೆಗೆಯುತ್ತದೆ. ಬಾಣಹುಳು ಗಾಜಿನ ಕಡ್ಡಿಯಂತೆ ಪಾರದರ್ಶಕ, ತಲೆಯಲ್ಲಿ ಬೇಟೆ ಹಿಡಿಯುವ ಕೊಕ್ಕೆಗಳು. ಫಾರ್ಮಲಿನ್‌ನಲ್ಲಿ ಈ ಚಲನೆಯೂ ಬಣ್ಣವೂ ಹೋಗುತ್ತವೆ, ಬಾಚಣಿಗೆ ಲೋಳೆಮೀನಿನಂಥವು ಆಕಾರವನ್ನೇ ಕಳೆದುಕೊಳ್ಳುತ್ತವೆ. ಅವನ್ನು ಅಲ್ಲೇ ಎಣಿಸಿಬಿಡಿ.

ಉಳಿದದ್ದಕ್ಕೆ ಬೋರಾಕ್ಸ್ ಬೆರೆಸಿದ ಫಾರ್ಮಲಿನ್ ಹಾಕಿ, ಕೈಗವಸು ಮರೆಯಬೇಡಿ. ಜಾಗ, ದಿನಾಂಕ, ಹೊತ್ತನ್ನು ಪೆನ್ಸಿಲಿನಲ್ಲಿ ಬರೆದ ಚೀಟಿ ಬಾಟಲಿಯ ಒಳಗಿರಲಿ.

ಲ್ಯಾಬಿನಲ್ಲಿ ಮಾದರಿಯನ್ನು 100 ಮಿಲಿಲೀಟರ್ ಮಾಡಿ, ಚೆನ್ನಾಗಿ ಕದಡಿ, 10 ಮಿಲಿಲೀಟರ್ ತೆಗೆದು ಎಣಿಸಿ. ಬಂದ ಸಂಖ್ಯೆಯನ್ನು 10ರಿಂದ ಗುಣಿಸಿ, ಸೋಸಿದ ಘನ ಮೀಟರುಗಳಿಂದ ಭಾಗಿಸಿ, ಒಂದು ಘನ ಮೀಟರ್ ನೀರಿನಲ್ಲಿ ಎಷ್ಟಿವೆ ಎಂಬುದು ಸಿಗುತ್ತದೆ. ಸಾಮಾನ್ಯವಾಗಿ ಕೋಪೆಪಾಡ್‌ಗಳೇ ಹೆಚ್ಚಿರುತ್ತವೆ. ಅಷ್ಟಕ್ಕೇ ಕೈಬಿಡದೆ ಮೀನಿನ ಮೊಟ್ಟೆ, ಏಡಿಯ ಮರಿ, ಲ್ಯೂಸಿಫರ್ ಎಂಬ ಸಣ್ಣ ಸಿಗಡಿ ಎಲ್ಲವನ್ನೂ ಬೇರೆಬೇರೆ ಬರೆಯಿರಿ. ಕೊನೆಗೆ ಪಟ್ಟಿಯ ಪಕ್ಕದಲ್ಲಿ ಲವಣಾಂಶ, ಅದರ ಪಕ್ಕದಲ್ಲಿ ಹಿಂದಿನ ವಾರ ಪುಷ್ಪಗಿರಿ ಕಡೆ ಬಿದ್ದ ಮಳೆಯ ಲೆಕ್ಕ ಇಟ್ಟು ಓದಿ.