ಪೆನೆದೆಸ್ ಬಿಳಿ ವೈನನ್ನು ಬೇಗ ತಂಪು ಮಾಡಲು
ಸ್ಪೇನಿನ ಪೆನೆದೆಸ್ ಪ್ರದೇಶದ ಬಿಳಿ ವೈನನ್ನು ಬೇಗ ತಂಪು ಮಾಡಬೇಕಿದ್ದರೆ ಬರೀ ಐಸಿನಲ್ಲಿ ಹೂಳದೆ, ಅರ್ಧ ಐಸು ಅರ್ಧ ನೀರು ತುಂಬಿದ ಬಕೆಟ್ಟಿನಲ್ಲಿ ಬಾಟಲಿಯನ್ನು ಕತ್ತಿನವರೆಗೆ ಮುಳುಗಿಸಿ ಸುಮಾರು 20 ನಿಮಿಷ ಇಡಿ. ಐಸಿನ ತುಂಡುಗಳು ಗಾಜನ್ನು ಅಲ್ಲಲ್ಲಿ ಮಾತ್ರ ಮುಟ್ಟುತ್ತವೆ, ನಡುವೆ ಗಾಳಿ ಉಳಿಯುತ್ತದೆ. ನೀರಾದರೋ ಎಲ್ಲ ಕಡೆಯಿಂದಲೂ ಶಾಖವನ್ನು ಎಳೆದುಕೊಳ್ಳುತ್ತದೆ. ಗುರಿ 8ರಿಂದ 10 ಡಿಗ್ರಿ ಸೆಲ್ಸಿಯಸ್ ಇರಲಿ, ಅದಕ್ಕಿಂತ ತಣ್ಣಗೆ ಬೇಡ. ಸಾಮಾನ್ಯವಾಗಿ ಈ ವೈನಿನಲ್ಲಿ ಬೆರೆಸುವ ಮೂರು ಸ್ಥಳೀಯ ದ್ರಾಕ್ಷಿಗಳಲ್ಲಿ ಶರೆಲ್ಲೊ ಹುಳಿಯನ್ನೂ ಬಾಯಿ ತುಂಬುವ ಗಟ್ಟಿತನವನ್ನೂ ಕೊಡುತ್ತದೆ, ಮಕಬೇವೊ ಹದವಾದ ಹಣ್ಣಿನ ರುಚಿಯನ್ನು ಕೊಡುತ್ತದೆ, ಎತ್ತರದ ತೋಟಗಳಲ್ಲಿ ಚೆನ್ನಾಗಿ ಬರುವ ಪರೆಯಾಡಾ ನವಿರಾದ ಹೂವಿನ ಪರಿಮಳವನ್ನು ಸೇರಿಸುತ್ತದೆ. ಅತಿಯಾಗಿ ತಣಿಸಿದರೆ ಆ ಪರಿಮಳವೇ ಮೊದಲು ಅಡಗಿ, ನಾಲಿಗೆಗೆ ಬರೀ ಹುಳಿ ಉಳಿಯುತ್ತದೆ, ಅದು ನಿಜಕ್ಕೂ ನಷ್ಟ. ನೀರಿನ ಮಟ್ಟ ಕೆಳಗಿದ್ದರೆ ಕತ್ತಿನಲ್ಲಿರುವ ವೈನು ಬೆಚ್ಚಗೇ ಉಳಿದು, ಮೊದಲ ಲೋಟ ಸಪ್ಪೆಯೆನಿಸುತ್ತದೆ. ಓಕ್ ಪೀಪಾಯಿಯಲ್ಲಿ ಮಾಗಿಸಿದ ಶರೆಲ್ಲೊಗೆ ಈ 20 ನಿಮಿಷದ ಲೆಕ್ಕ ಹೊಂದುವುದಿಲ್ಲ. ಅದಕ್ಕೆ 12 ಡಿಗ್ರಿಯ ಆಸುಪಾಸು ಬೇಕಾದುದರಿಂದ 10 ನಿಮಿಷಕ್ಕೇ ಹೊರತೆಗೆಯಿರಿ.