ಹುಳು ಸತ್ತಿದೆ ಎಂದು ಬರೆಯುವ ಮೊದಲು

ಎಂಬಿಬಿಎಸ್ ಓದುವಾಗ ಸಾವನ್ನು ಖಚಿತಪಡಿಸಲು ನಾಡಿ, ಎದೆಬಡಿತ, ಕಣ್ಣಿನ ಪಾಪೆ ನೋಡಲು ಕಲಿಸಿದ್ದರು. ಮುಪ್ಪಿನ ಸಂಶೋಧನೆಗೆ ಬಂದ ಮೇಲೆ ಕೈಗೆ ಸಿಕ್ಕಿದ್ದು ಸಿ. ಎಲಿಗನ್ಸ್, ಒಂದು ಮಿಲಿಮೀಟರ್ ಉದ್ದದ ಹುಳು. ಅದಕ್ಕೆ ಹೃದಯವೇ ಇಲ್ಲ!

ಆದರೆ ಅದರ ಇಡೀ ಆಯಸ್ಸು ಎರಡು-ಮೂರು ವಾರ. 1993ರಲ್ಲಿ ಅಮೆರಿಕದ ವಿಜ್ಞಾನಿ ಸಿಂಥಿಯಾ ಕೆನ್ಯನ್ ಅವರ ತಂಡ, ಡಾಫ್-2 ಎಂಬ ಒಂದೇ ಜೀನ್ ಕೆಟ್ಟರೆ ಈ ಹುಳು ದುಪ್ಪಟ್ಟು ಬದುಕುತ್ತದೆ ಎಂದು ತೋರಿಸಿತು. ಆ ಜೀನ್ ನಮ್ಮ ಇನ್ಸುಲಿನ್ ರಿಸೆಪ್ಟರ್‌ನ, ಅಂದರೆ ಜೀವಕೋಶದಲ್ಲಿ ಇನ್ಸುಲಿನ್ ಸಂದೇಶ ಹಿಡಿಯುವ ಪ್ರೋಟೀನಿನ, ದೂರದ ನೆಂಟ. ಅಂಥ ಮಾತು ಹೇಳಬೇಕಾದರೂ ಕೂತು ಹೆಣ ಎಣಿಸಲೇಬೇಕು.

ಹೊಟ್ಟೆಯ ನಡುವೆ ಅರ್ಧಚಂದ್ರದಂಥ ಬಿಳಿ ಗುರುತಿರುವ ಎಲ್4 ಮರಿಗಳನ್ನು, ಅಂದರೆ ದೊಡ್ಡವಾಗುವ ಮುಂಚಿನ ಕೊನೆಯ ಹಂತದವನ್ನು, ಆರಿಸಿ. ಹುಳು ತಿನ್ನುವ ಬ್ಯಾಕ್ಟೀರಿಯಾ ಹರಡಿದ ಪ್ಲೇಟಿಗೆ 25ರಂತೆ ನಾಲ್ಕು ಪ್ಲೇಟು. ಮೊಟ್ಟೆಯಿಡುವ ದಿನಗಳಲ್ಲಿ ತಾಯಂದಿರನ್ನು ದಿನವೂ ಹೊಸ ಪ್ಲೇಟಿಗೆ ಎತ್ತಿಡಿ. ಇಲ್ಲದಿದ್ದರೆ ಮೂರು ದಿನಕ್ಕೆ ಮಕ್ಕಳೂ ದೊಡ್ಡವಾಗಿ ತಾಯಿ ಯಾರು, ಮಗಳು ಯಾರು ಗೊತ್ತಾಗಲ್ಲ. ಮರಿಯಾಗದಂತೆ ತಡೆಯುವ ಔಷಧಿಯೂ ಇದೆ, ಆದರೆ ಅದೇ ಕೆಲವು ತಳಿಗಳ ಆಯಸ್ಸನ್ನು ಬದಲಿಸುತ್ತದೆ. ನನಗಂತೂ ಕೈಕೆಲಸವೇ ವಾಸಿ.

ಇನ್‌ಕ್ಯುಬೇಟರ್ 20 ಡಿಗ್ರಿಯಲ್ಲೇ ಇರಲಿ. ಒಂದು ಏಪ್ರಿಲ್‌ನಲ್ಲಿ ನನ್ನ ಹುಳುಗಳೆಲ್ಲ ಬೇಗ ಸತ್ತವು. ವಾರವಿಡೀ ಜೀನ್ ಮೇಲೆ ತಪ್ಪು ಹೊರಿಸಿದೆ. ಆಮೇಲೆ ನೋಡಿದರೆ ಬಾಗಿಲು ಸರಿಯಾಗಿ ಹಾಕದೆ ಒಳಗೆ ಬಿಸಿ ಏರಲು ಬಿಟ್ಟವಳು ನಾನೇ.

ಇನ್ನು ಸಾವಿನ ಮಾತು. ಮುದಿ ಹುಳು ಗಂಟೆಗಟ್ಟಲೆ ಅಲ್ಲಾಡದೆ ಬಿದ್ದಿರುತ್ತದೆ. ಪ್ಲಾಟಿನಂ ತಂತಿಯ ಪಿಕ್‌ನಿಂದ ಮೊದಲು ಬಾಲ, ಆಮೇಲೆ ಮೂತಿಯನ್ನು ಮೆಲ್ಲಗೆ ಮುಟ್ಟಿ. ಮೂತಿಯ ತುದಿ ಕೂದಲೆಳೆಯಷ್ಟು ಸರಿದರೂ ಜೀವ ಇದೆ ಎಂದೇ ಲೆಕ್ಕ. ಮೊದಲ ಸಲ ನಾನು ಸತ್ತಿದೆ ಎಂದು ಬರೆದಿದ್ದ ಒಂದು ಹುಳು, ಬೆಳಗ್ಗೆ ನೋಡಿದರೆ ಬ್ಯಾಕ್ಟೀರಿಯಾ ಮೇಲೆ ಹಾದಿ ಮೂಡಿಸಿಕೊಂಡು ಆಚೆ ಹೋಗಿತ್ತು.

ಕೆಲವು ಪ್ಲೇಟಿನ ಗೋಡೆ ಹತ್ತಿ ಒಣಗುತ್ತವೆ. ಕೆಲವು ತಾಯಂದಿರ ಹೊಟ್ಟೆಯೊಳಗೇ ಮೊಟ್ಟೆ ಒಡೆದು ಮರಿಯಾಗಿ ತಾಯಿ ಸಾಯುತ್ತದೆ. ಇವು ಮುಪ್ಪಿನ ಸಾವಲ್ಲ. ಹಾಗಂತ ಲೆಕ್ಕದಿಂದ ಹೊಡೆದುಹಾಕಬೇಡಿ. ಅಷ್ಟು ದಿನ ಬದುಕಿದ್ದು ನಿಜ ತಾನೆ? ಆ ತಾರೀಕಿಗೆ 'ಸೆನ್ಸರ್' ಎಂದು ಬರೆಯಿರಿ, ಅಂದರೆ ಇಲ್ಲಿಯವರೆಗೆ ಬದುಕಿತ್ತು, ಮುಪ್ಪಿನಿಂದ ಯಾವಾಗ ಸಾಯುತ್ತಿತ್ತೋ ಗೊತ್ತಿಲ್ಲ ಎಂದು.

ಪ್ಲೇಟುಗಳಿಗೆ ಗುಟ್ಟಿನ ನಂಬರ್ ಹಾಕಲು ಗೆಳತಿಗೆ ಹೇಳಿ. ಯಾವುದು ಡಾಫ್-2 ಎಂದು ಗೊತ್ತಿದ್ದರೆ ನಿಮ್ಮ ಕೈ ಅದನ್ನು ಇನ್ನೂ ಎರಡು ಸಲ ಮುಟ್ಟಿ ನೋಡುತ್ತದೆ, ಉಳಿದವನ್ನು ಸುಮ್ನೆ ಬಿಡುತ್ತದೆ. ನನ್ನ ಕೈ ಹಾಗೇ ಮಾಡಿತ್ತು.

ಕೊನೆಯದಾಗಿ ಕ್ಯಾಲೆಂಡರ್. ಮಾಮೂಲಿ ಹುಳುಗಳಿಗೆ ಒಂದು ತಿಂಗಳು, ಡಾಫ್-2ಗೆ ಎರಡು ತಿಂಗಳು ಎತ್ತಿಡಿ. ಮೊದಲ ವರ್ಷ ಈ ಲೆಕ್ಕ ತಪ್ಪಿ, ದೀಪಾವಳಿಗೆ ಊರಿಗೆ ಬರಲ್ಲ ಎಂದು ಅಮ್ಮನಿಗೆ ಫೋನ್ ಮಾಡಬೇಕಾಯಿತು. ಯಾಕೆ ಅಂದರು. "ಹನ್ನೆರಡು ಹುಳು ಇನ್ನೂ ಸತ್ತಿಲ್ಲಮ್ಮ" ಅಂದೆ.